ಶಾಲೆ ಬಿಟ್ಟ ಮೇಲಿನ ಎರಡು ಗಂಟೆ

ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲಲ್ಲಿ ಹುಲಿಯೊಡನೆ ಸೆಣಸುತ್ತಿರುವ ಸಳನ ಶಿಲ್ಪ ನೋಡದ ವಿದ್ಯಾರ್ಥಿ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ. (ಅದು ಹುಲಿಯೋ ಸಿಂಹವೋ ಎಂಬ ತಕರಾರನ್ನು ಇತಿಹಾಸದ ಮೇಷ್ಟ್ರಿಗೆ ಬಿಡುತ್ತೇನೆ.) ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದಾಗ ಒಬ್ಬ ಹುಡುಗ ಆ ಶಿಲ್ಪದ ಮುಂದೆ ನಿಂತು ಕೇಳಿದ: ‘ಸಾರ್, ಸಳ ಏನು ತಿಂತಿದ್ದ?’

ಕೇಳಿದವನ ಕೈಯಲ್ಲಿ ಐದು ರೂಪಾಯಿಯ ಕುರುಕಲಿನ ಪೊಟ್ಟಣವಿತ್ತು. ಬೆರಳುಗಳೆಲ್ಲ ಕಿತ್ತಳೆ ಬಣ್ಣ. ನಾನು ವಿಜ್ಞಾನದ ಮೇಷ್ಟ್ರು. ಸಳನ ಅಡುಗೆಮನೆಯ ಬಗ್ಗೆ ನನಗೇನು ಗೊತ್ತು? ಆದರೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲವನಾಗಿದ್ದೆ. ‘ನಿನ್ನ ಕೈಯಲ್ಲಿರುವುದನ್ನಂತೂ ತಿಂದಿರಲಿಲ್ಲ. ಆಲೂಗೆಡ್ಡೆ, ಒಣಮೆಣಸಿನಕಾಯಿ, ಟೊಮೇಟೊ ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ಈ ಗುಡಿ 1117ರದ್ದು. ಆಗ ಇದ್ದದ್ದು ರಾಗಿ, ಅಕ್ಕಿ, ಹುರುಳಿ, ಹೆಸರು, ಹಾಲು, ತುಪ್ಪ, ತೆಂಗು.’ ಹುಡುಗ ಸ್ವಲ್ಪ ಯೋಚಿಸಿ, ‘ಹಂಗಾದ್ರೆ ನಮ್ಮಜ್ಜಿ ತಿನ್ನೋದೇ ಅವನೂ ತಿಂದಿದ್ದ’ ಎಂದ. ಪೊಟ್ಟಣವನ್ನು ಮಾತ್ರ ಪೂರ್ತಿ ಖಾಲಿ ಮಾಡಿಯೇ ಬಸ್ಸು ಹತ್ತಿದ.

ಬಸ್ಸು ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆ ಕಡೆಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಜಾವಗಲ್ ಬಂದಾಗ ಮಕ್ಕಳೆಲ್ಲ ಶ್ರೀನಾಥ್ ಹೆಸರೆತ್ತಿ ಕೂಗಿದರು. ಆ ಊರಿನ ಹೆಸರು ಜಗತ್ತಿಗೆ ಗೊತ್ತಾದದ್ದೇ ಆ ವೇಗದ ಬೌಲರನಿಂದ. ಆದರೆ ದಾರಿಯುದ್ದಕ್ಕೂ ಎರಡೂ ಕಡೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಶಾಲೆ ಬಿಟ್ಟ ಮಕ್ಕಳು ಅಂಗಡಿ ಜಗುಲಿಯ ಮೇಲೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಮೂರು ನಾಲ್ಕು ಮಕ್ಕಳಿಗೆ ಒಂದು ಮೊಬೈಲು. ಎಲ್ಲರ ಕೈಯಲ್ಲೂ ಅದೇ ಕಿತ್ತಳೆ ಬಣ್ಣ. ಓಡುತ್ತಿದ್ದವರು ಬೆರಳೆಣಿಕೆಯಷ್ಟು.

ಈ ಲೇಖನ ಆ ಎರಡು ಗಂಟೆಯ ಬಗ್ಗೆ. ನಾಲ್ಕೂ ಇಪ್ಪತ್ತಕ್ಕೆ ಶಾಲೆಯ ಗಂಟೆ ಹೊಡೆದಾಗಿನಿಂದ, ಕೂಲಿಗೆ ಹೋದ ಅಪ್ಪ ಅಮ್ಮ ಆರೂವರೆಗೆ ಮನೆ ಸೇರುವವರೆಗಿನ ಹೊತ್ತು. ಹೊಲ, ತೆಂಗಿನ ತೋಟ, ಕೊಬ್ಬರಿ ಸುಲಿಯುವ ಕೆಲಸ, ಪಟ್ಟಣದ ಗಾರ್ಮೆಂಟ್ಸು ಎಂದು ಹಿರಿಯರು ಚದುರಿಹೋಗಿರುವ ನಮ್ಮ ಸೀಮೆಯಲ್ಲಿ ಆರರಿಂದ ಹತ್ತು ವರ್ಷದ ಮಗುವಿಗೆ ಆ ಎರಡು ಗಂಟೆ ಯಾರೂ ಇಲ್ಲ. ನಾನು ಹೇಳಹೊರಟಿರುವುದು ಅದಕ್ಕೆ ಹಣ ಎಲ್ಲಿಂದ ಎಂಬ ಲೆಕ್ಕ. ಲೆಕ್ಕ ಎಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ, ಪೋಷಕರು ಪುಟ ತಿರುಗಿಸುತ್ತಾರೆ. ದಯವಿಟ್ಟು ಸ್ವಲ್ಪ ತಾಳಿ; ದೊಡ್ಡ ಮೊತ್ತವೇನಲ್ಲ.

ಊಟಕ್ಕೆ ಲೆಕ್ಕವಿದೆ

ಮೊದಲು ಸರ್ಕಾರ ಏನು ಮಾಡಿದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಇಂದು ಅಂಗನವಾಡಿ ಇಲ್ಲದ ಹಳ್ಳಿಯನ್ನು ಹುಡುಕಬೇಕು. ಶಾಲೆಯಲ್ಲಿ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್‌ನಲ್ಲಿ ಆದೇಶಿಸಿದ ಮೇಲೆ ನಮ್ಮಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು; ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ. ಹದಿನೆಂಟು ಗ್ರಾಂ ಹಾಲಿನ ಪುಡಿಯಿಂದ 150 ಮಿಲಿಲೀಟರ್ ಹಾಲು. 2024ರ ಫೆಬ್ರುವರಿಯಿಂದ ವಾರದಲ್ಲಿ ಮೂರು ದಿನ ಆ ಹಾಲಿಗೆ ರಾಗಿ ಹಿಟ್ಟು ಬೆರೆತಿತು.

ಮೊಟ್ಟೆಯ ಕಥೆ ಎಲ್ಲರಿಗೂ ಗೊತ್ತು. 2021ರ ಡಿಸೆಂಬರ್‌ನಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾದಾಗ ಎದ್ದ ವಾದ ವಿವಾದಗಳನ್ನು ಓದುಗರು ಮರೆತಿರಲಾರರು. ಆಮೇಲೆ ಎಲ್ಲ ಜಿಲ್ಲೆಗೂ ಬಂತು, ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. 2024ರ ಜುಲೈಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಗೂ ಮೀರಿದ ನೆರವು ಕೊಡಲು ಒಪ್ಪಂದ ಮಾಡಿಕೊಂಡ ಮೇಲೆ ವಾರಕ್ಕೆರಡಿದ್ದದ್ದು ಆರಾಯಿತು. ಒಂದು ಮೊಟ್ಟೆಗೆ ಹಾಕಿದ ಲೆಕ್ಕ 6 ರೂಪಾಯಿ. ಅದರಲ್ಲೇ ಸಾಗಣೆ, ಬೇಯಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿ ಎಲ್ಲ. ಚಳಿಗಾಲದಲ್ಲಿ ಮೊಟ್ಟೆಯ ದರ ಏರಿದಾಗ ಎಷ್ಟೋ ಮುಖ್ಯೋಪಾಧ್ಯಾಯರು ಕೈಯಿಂದ ಹಾಕಿದ್ದೂ ಉಂಟು. ಬಿಸಿಯೂಟದ ಲೆಕ್ಕವೂ ಹೀಗೇ ಪೈಸೆಯವರೆಗೆ ಇದೆ: 2025ರ ಮೇ 1ರಿಂದ ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ; ಅಕ್ಕಿ ಗೋಧಿ ಬೇರೆ. ಇದರಲ್ಲಿ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಬರಬೇಕು. ತಟ್ಟೆಯಲ್ಲಿ 450 ಕ್ಯಾಲೊರಿ, 12 ಗ್ರಾಂ ಸಸಾರಜನಕ ಇರಬೇಕು.

ಇಷ್ಟೆಲ್ಲ ಇದ್ದೂ 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದು ಏನು? ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳಿಂದ ಐದು ವರ್ಷದವರಲ್ಲಿ ರಕ್ತಹೀನತೆ ಶೇಕಡ 65.5. ಹಿಂದಿನ ಸಮೀಕ್ಷೆಯಲ್ಲಿ ಅದು 60.9 ಇತ್ತು. ಅಂದರೆ ಏರಿತ್ತು. ಈ ಮಕ್ಕಳೇ ಇಂದು ನಮ್ಮ ಒಂದನೇ, ಎರಡನೇ, ನಾಲ್ಕನೇ ತರಗತಿಗಳಲ್ಲಿ ಕೂತಿದ್ದಾರೆ.

ಆಟಕ್ಕೆ, ಪಾಠಕ್ಕೆ?

ಊಟದ ಲೆಕ್ಕ ಪೈಸೆಯವರೆಗಿದೆ ಎಂದೆ. ಆಟದ ಲೆಕ್ಕ ನೋಡಿ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆಂದಿದೆ. ಆಟದ ಸಲಕರಣೆಯೂ ಬೇಕೆಂದಿದೆ. ಆದರೆ ಆಡಿಸುವವರು? ಕಾಯಿದೆಯ ಅನುಬಂಧ ಓದಿ ನೋಡಿ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿದ್ದರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು. ಒಂದರಿಂದ ಐದನೇ ತರಗತಿಗೆ ಆ ಮಾತೇ ಇಲ್ಲ. ನಮ್ಮ ಹಳ್ಳಿ ಶಾಲೆಗಳಲ್ಲಿ ಒಟ್ಟು ಮಕ್ಕಳೇ ಮೂವತ್ತು, ನಲವತ್ತು. ಹಾಗಾಗಿ ಆಡುವ ವಯಸ್ಸಿನ ಮಕ್ಕಳಿಗೇ ಆಡಿಸುವವರಿಲ್ಲ.

ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ ಕ್ರೀಡಾ ಸಾಮಗ್ರಿಗೆಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ಇದೆ. ಒಳ್ಳೆಯದೇ. ಚೆಂಡು, ಹಗ್ಗ, ರಿಂಗು ಬರುತ್ತವೆ. ಬಂದು ಬೀರುವಿನೊಳಗೆ ಭದ್ರವಾಗಿರುತ್ತವೆ. ಬೀರುವಿನ ಕೀಲಿ ಮುಖ್ಯೋಪಾಧ್ಯಾಯರ ಬಳಿ ಇರುತ್ತದೆ. ಮುಖ್ಯೋಪಾಧ್ಯಾಯರು ನಾಲ್ಕೂ ನಲವತ್ತರ ಬಸ್ಸಿನಲ್ಲಿರುತ್ತಾರೆ. ಅವರನ್ನು ದೂರುತ್ತಿಲ್ಲ. ಅದು ತಪ್ಪಿದರೆ ಮುಂದಿನ ಬಸ್ಸು ಆರೂಕಾಲಿಗೆ.

ಇನ್ನು ಆಹಾರದ ಪಾಠ. ಪಠ್ಯಪುಸ್ತಕದಲ್ಲಿ ಕಾರ್ಬೊಹೈಡ್ರೇಟು, ಪ್ರೋಟೀನು, ವಿಟಮಿನ್ನು ಎಲ್ಲವೂ ಇವೆ. ಮಕ್ಕಳು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಪರೀಕ್ಷೆಯಲ್ಲಿ ‘ಕಬ್ಬಿಣಾಂಶದ ಮೂಲಗಳು: ಸೊಪ್ಪು, ರಾಗಿ, ಬೆಲ್ಲ’ ಎಂದು ಬರೆದವಳೇ ಮನೆಯಲ್ಲಿ ಮುದ್ದೆ ಸೊಪ್ಪಿನ ಸಾರು ಉಂಡು ಎದ್ದ ಕೂಡಲೇ ಟೀ ಕುಡಿಯುತ್ತಾಳೆ. ಟೀಯಲ್ಲಿರುವ ಟ್ಯಾನಿನ್ ಆ ಕಬ್ಬಿಣವನ್ನು ಕರುಳು ಹೀರದಂತೆ ಹಿಡಿದಿಡುತ್ತದೆ ಎಂದು ಅವಳಿಗೆ ಯಾರೂ ಹೇಳಿಲ್ಲ. ಅದೇ ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡಿದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಹೀರಲು ನೆರವಾಗುತ್ತದೆ. ಅಂದರೆ ಹೆಚ್ಚು ತಿನ್ನಬೇಕಾಗಿಲ್ಲ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಟ್ಟರೆ ಆಯಿತು, ಹಿತ್ತಿಲ ನಿಂಬೆಗಿಡ ನೆನಪಿಟ್ಟುಕೊಂಡರೆ ಆಯಿತು. ಈ ಮಾತನ್ನು ಕರಿಹಲಗೆಯ ಮೇಲೆ ಬರೆದರೆ ಅದು ಇನ್ನೊಂದು ಪ್ರಶ್ನೋತ್ತರ. ಮಗು ತಾನೇ ಹಿಂಡಿ, ತಾನೇ ತಿಂದರೆ ಮಾತ್ರ ಮನೆಗೆ ಹೋಗುತ್ತದೆ.

ರಾಗಿಯದೂ ಅದೇ ಕಥೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ. ಅಷ್ಟೇ ತೂಕದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಅರಸೀಕೆರೆ ಸೀಮೆಯ ಒಣ ಹೊಲದಲ್ಲಿ ಮಳೆ ನಂಬಿ ಬೆಳೆಯುವುದು ಇದನ್ನೇ. ಆದರೂ ನನ್ನ ತರಗತಿಯಲ್ಲಿ ‘ರಾತ್ರಿ ಏನು ಊಟ?’ ಎಂದು ಕೇಳಿದರೆ ಮುದ್ದೆ ಉಂಡ ಹುಡುಗನೂ ಚಪಾತಿ ಎನ್ನುತ್ತಾನೆ. ನಾಚಿಕೆ! ಈ ನಾಚಿಕೆಯನ್ನು ಕಲಿಸಿದವರು ಯಾರೋ, ಅದನ್ನು ಬಿಡಿಸುವ ಕೆಲಸಕ್ಕೆ ಮಾತ್ರ ಯಾವ ಇಲಾಖೆಯಲ್ಲೂ ಲೆಕ್ಕಶೀರ್ಷಿಕೆ ಇಲ್ಲ.

ನಾವು ಮಾಡಿ ನೋಡಿದ್ದು

2018ರ ಜೂನ್‌ನಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ಬಂದು ಏನಾದರೂ ಕೊಡುತ್ತೇನೆ ಎಂದರು. ಎಲ್ಲರೂ ಕೊಡುವಂತೆ ನೋಟ್‌ಬುಕ್ಕು ಕೊಡುವ ಆಲೋಚನೆ ಅವರದು. ನಾನು ಬೇರೆ ಕೇಳಿದೆ: ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಚಿಕ್ಕ ಮಕ್ಕಳನ್ನು ಆಡಿಸಿ, ಒಂದು ಹಿಡಿ ಏನಾದರೂ ತಿನ್ನಿಸಿ ಕಳಿಸಲು ಒಬ್ಬರಿಗೆ ಸಂಬಳ. ಅವರು ಸ್ವಲ್ಪ ನಿರಾಶರಾದಂತೆ ಕಂಡರೂ ಒಪ್ಪಿದರು.

ಊರಲ್ಲೇ ಪಿಯುಸಿ ಮುಗಿಸಿ ಕುಳಿತಿದ್ದ ಹುಡುಗಿಯೊಬ್ಬಳಿದ್ದಳು. ತಾಲ್ಲೂಕು ಮಟ್ಟದಲ್ಲಿ ಖೋಖೋ ಆಡಿದವಳು. ತಿಂಗಳಿಗೆ ಮೂರು ಸಾವಿರ ರೂಪಾಯಿ. ನಾಲ್ಕೂವರೆಗೆ ಬಂದು ಬೀರುವಿನ ಕೀಲಿ ತೆಗೆಯುತ್ತಿದ್ದಳು. ಒಂದರಿಂದ ಐದನೇ ತರಗತಿಯ ಸುಮಾರು ನಲವತ್ತು ಮಕ್ಕಳು. ಖೋಖೋ, ಲಗೋರಿ, ಕುಂಟೆಬಿಲ್ಲೆ, ಹಗ್ಗದಾಟ, ಕಣ್ಣಾಮುಚ್ಚಾಲೆ. ಯಾವುದಕ್ಕೂ ಖರ್ಚಿಲ್ಲ. ವಾರಕ್ಕೊಂದು ದಿನ ನಾನೂ ನಿಲ್ಲುತ್ತಿದ್ದೆ. ಮಕ್ಕಳಿಗೆ ಮಣಿಕಟ್ಟಿನಲ್ಲಿ ನಾಡಿ ಹಿಡಿಯುವುದನ್ನು ಹೇಳಿಕೊಟ್ಟೆ. ಆಟಕ್ಕೆ ಮೊದಲು ನಿಮಿಷಕ್ಕೆ ಎಂಬತ್ತು ತೊಂಬತ್ತು. ಖೋಖೋ ಮುಗಿದ ಕೂಡಲೇ ನೂರೈವತ್ತರ ಹತ್ತಿರ. ‘ಸಾರ್, ನನ್ನ ಹೃದಯ ಓಡ್ತಾ ಐತೆ!’ ಎಂದು ಮೂರನೇ ತರಗತಿಯವಳೊಬ್ಬಳು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಅಂದು ನಾನು ಬೇರೆ ಪಾಠ ಮಾಡಬೇಕಾಗಿರಲಿಲ್ಲ.

ತಿನ್ನಲು ಮೊಳಕೆ ಕಟ್ಟಿದ ಹೆಸರುಕಾಳು. ಒಂದು ಮಗುವಿಗೆ 20 ಗ್ರಾಂ ಒಣಕಾಳು ಎಂದರೆ ಹತ್ತಿರ ಹತ್ತಿರ ಐದು ಗ್ರಾಂ ಸಸಾರಜನಕ. ಮೊಳಕೆಯೊಡೆದಾಗ ಸಿ ಜೀವಸತ್ವ ಹುಟ್ಟುತ್ತದೆ. ಖನಿಜಗಳನ್ನು ಹಿಡಿದಿಡುವ ಫೈಟೇಟು ಇಳಿಯುತ್ತದೆ. ಮಕ್ಕಳೇ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮಾರನೆಯ ದಿನ ಬಿಚ್ಚಿ ಬಾಲ ಅಳೆಯುತ್ತಿದ್ದರು. ಅರಸೀಕೆರೆಯ ತೆಂಗಿನತುರಿ, ನಿಂಬೆರಸ, ಚೂರು ಉಪ್ಪು. ಮೊದಮೊದಲು ಮುಖ ಕಿವುಚಿದವರು ತಿಂಗಳೊಳಗೆ ‘ಇವತ್ತು ನಂದು ಹಿಂಡೋ ಪಾಳಿ’ ಎಂದು ಜಗಳವಾಡತೊಡಗಿದರು.

ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. ಬೇಸಿಗೆಯ ಒಂದು ಸೋಮವಾರ, ಶನಿವಾರ ಕಟ್ಟಿಟ್ಟ ಕಾಳು ಹುಳಿ ವಾಸನೆ ಹೊಡೆಯುತ್ತಿತ್ತು. ತೊಳೆದರೆ ಸಾಕು ಎಂದು ಹೇಳಿದವನು ನಾನೇ. ಅಂದು ರಾತ್ರಿ ಆರು ಮಕ್ಕಳಿಗೆ ಹೊಟ್ಟೆನೋವು, ಭೇದಿ. ಮರುದಿನ ಬೆಳಿಗ್ಗೆ ಐದಾರು ತಾಯಂದಿರು ಶಾಲೆಯ ಗೇಟಿನಲ್ಲಿ ನಿಂತಿದ್ದರು. ಬೆಚ್ಚಗಿನ ತೇವದಲ್ಲಿ ಮೊಳಕೆಯಷ್ಟೇ ಸುಲಭವಾಗಿ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ ಎಂದು ತರಗತಿಯಲ್ಲಿ ಹೇಳುವ ನನಗೆ ಕಾಳು ಕಟ್ಟಿದಾಗ ಅದು ಹೊಳೆದಿರಲಿಲ್ಲ. ಕ್ಷಮೆ ಕೇಳಿದೆ. ಅಂದಿನಿಂದ ಆವಿಯಲ್ಲಿ ಬೇಯಿಸದೆ ಯಾವ ಮೊಳಕೆಯನ್ನೂ ಕೊಡಲಿಲ್ಲ. ಸಿ ಜೀವಸತ್ವ ಸ್ವಲ್ಪ ನಷ್ಟವಾದರೂ ಚಿಂತೆಯಿಲ್ಲ, ನಿಂಬೆ ಇತ್ತು.

ಪೋಷಕರ ಆಕ್ಷೇಪಗಳೂ ಇದ್ದವು. ‘ಆಡಿದ್ರೆ ಮಾರ್ಕ್ಸ್ ಬರುತ್ತಾ?’ ಎಂಬುದು ಒಂದು. ‘ದನ ಹಿಡಕೊಂಡು ಬರೋರು ಯಾರು?’ ಎಂಬುದು ಇನ್ನೊಂದು. ಮೂರನೆಯದು ನಿಜವಾದ ಭಯ: ನಮ್ಮ ಕಡೆಯ ಕಲ್ಲುಗುಡ್ಡಗಳಲ್ಲಿ ಚಿರತೆ ಇದೆ. ಕತ್ತಲಾಗುವ ಮೊದಲು ಮಕ್ಕಳು ಮನೆ ಸೇರಬೇಕು. ಐದೂವರೆಗೆ ಸರಿಯಾಗಿ ನಿಲ್ಲಿಸುವುದು, ಒಂದೊಂದು ಕೇರಿಯ ಮಕ್ಕಳು ಗುಂಪಾಗಿ ಹೋಗುವುದು ಎಂದು ಮಾಡಿದ ಮೇಲೆ ಒಪ್ಪಿದರು.

ವಾರಕ್ಕೊಂದು ದಿನ ಪೊಟ್ಟಣದ ಪಾಠ. ಅಂಗಡಿಯಿಂದ ಖಾಲಿ ಪೊಟ್ಟಣ ತನ್ನಿ ಎಂದರೆ ಚೀಲಗಟ್ಟಲೆ ತಂದರು. ಹಿಂಬದಿಯ ಸಣ್ಣಕ್ಷರ ಓದುವುದೇ ಆಟ. ಉಪ್ಪೆಷ್ಟು, ಸಕ್ಕರೆಯೆಷ್ಟು, ಎಣ್ಣೆಯೆಷ್ಟು? ಬಣ್ಣದ ಸಿಹಿ ಪಾನೀಯದ ಬಾಟಲಿಯೊಂದರ ಮೇಲೆ ನೂರು ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ ಎಂದಿತ್ತು. ಇನ್ನೂರು ಮಿಲಿಲೀಟರಿನ ಬಾಟಲಿಗೆ 22 ಗ್ರಾಂ. ತಕ್ಕಡಿಯಲ್ಲಿ ತೂಗಿ ಕಾಗದದ ಮೇಲೆ ಸುರಿದೆವು. ಐದು ಚಮಚದ ಗುಡ್ಡೆ ನೋಡಿ ಮಕ್ಕಳು ಹೌಹಾರಿದರು. ಕುರುಕಲಿನ ಮೇಲೆ ಅಯೋಡಿನ್ ಹನಿ ಹಾಕಿದರೆ ಕಪ್ಪುನೀಲಿ, ಬೇಯಿಸಿದ ಮೊಟ್ಟೆಯ ಬಿಳಿಭಾಗದ ಮೇಲೆ ಹಾಕಿದರೆ ಅಯೋಡಿನ್ನಿನ ಬಣ್ಣವೇ ಉಳಿಯಿತು. ‘ಇದ್ರಲ್ಲಿ ಬರೀ ಪಿಷ್ಟ, ಅದ್ರಲ್ಲಿ ಇಲ್ಲ’ ಎಂದು ಅವರೇ ಹೇಳಿದರು. (2025ರ ಮೇ ತಿಂಗಳಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ತನ್ನ ಶಾಲೆಗಳಲ್ಲಿ ‘ಸಕ್ಕರೆ ಫಲಕ’ ಹಾಕಬೇಕೆಂದು ಸೂಚಿಸಿದಾಗ ನಮ್ಮ ಕಾಗದದ ಗುಡ್ಡೆ ನೆನಪಾಯಿತು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೂ ಇದೆ. ನಿಮ್ಮೂರಿನ ಶಾಲೆಯ ಗೇಟಿನಿಂದ ಹೆಜ್ಜೆ ಎಣಿಸಿ ನೋಡಿ.)

2019ರ ಮಾರ್ಚಿಗೆ ವರ್ಷ ಮುಗಿಯಿತು. ಹಣ ಕೊಟ್ಟವರಿಗೆ ಮುಂದಿನ ವರ್ಷ ಆಗಲಿಲ್ಲ. ಅವರ ಮನೆಯ ಕಷ್ಟ ಅವರಿಗೆ. ನಾನು ಕಚೇರಿಯೊಂದಕ್ಕೆ ಹೋಗಿ ಕೇಳಿದೆ. ಅಧಿಕಾರಿ ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. ‘ಮೇಷ್ಟ್ರೇ, ಕಟ್ಟಡ ಕೇಳಿ, ಕಾಂಪೌಂಡು ಕೇಳಿ, ತಟ್ಟೆ ಲೋಟ ಕೇಳಿ. ಇದಕ್ಕೆ ಹೆಡ್ ಆಫ್ ಅಕೌಂಟೇ ಇಲ್ವಲ್ಲ’ ಎಂದರು. ಆ ಹುಡುಗಿ ಜೂನ್‌ವರೆಗೆ ಕಾದಳು. ಆಮೇಲೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದಳು. ಮಕ್ಕಳು ಕೆಲವು ದಿನ ತಾವೇ ಖೋಖೋ ಆಡಿದರು. ಬೀರುವಿನ ಕೀಲಿ ಮತ್ತೆ ಬಸ್ಸು ಹತ್ತಿತು.

ಆರೂಕಾಲು ರೂಪಾಯಿ

ಆ ವರ್ಷದ ಅನುಭವ ಇಟ್ಟುಕೊಂಡು ಲೆಕ್ಕ ಹಾಕೋಣ. ಹತ್ತನೇ ತರಗತಿಯವರು ಪೆನ್ಸಿಲು ತೆಗೆದುಕೊಳ್ಳಿ. ನಲವತ್ತು ಮಕ್ಕಳು, ತಲೆಗೆ 20 ಗ್ರಾಂ ಕಾಳು, ದಿನಕ್ಕೆ 800 ಗ್ರಾಂ. ಕೆ.ಜಿ.ಗೆ 125 ರೂಪಾಯಿ ಎಂದು ಹಿಡಿದರೆ ದಿನಕ್ಕೆ ನೂರು ರೂಪಾಯಿ. ಇನ್ನೂರು ದಿನಕ್ಕೆ 20,000. ಆಡಿಸುವವರಿಗೆ ತಿಂಗಳಿಗೆ 3,000ದಂತೆ ಹತ್ತು ತಿಂಗಳಿಗೆ 30,000. ಚೆಂಡು ಹಗ್ಗ ಈಗಾಗಲೇ ಬರುವ ಕ್ರೀಡಾ ಅನುದಾನದಲ್ಲಿ. ಒಟ್ಟು 50,000. ಒಂದು ಮಗುವಿಗೆ ವರ್ಷಕ್ಕೆ 1,250. ದಿನಕ್ಕೆ 6 ರೂಪಾಯಿ 25 ಪೈಸೆ.

ಒಂದು ಮೊಟ್ಟೆಯ ಲೆಕ್ಕಕ್ಕಿಂತ ನಾಲ್ಕಾಣೆ ಹೆಚ್ಚು! ಮಗು ಅಂಗಡಿಯಲ್ಲಿ ಕೊಡುವ ಐದು ರೂಪಾಯಿಗಿಂತ ಒಂದೂಕಾಲು ಹೆಚ್ಚು. ಮೂರು ಸಾವಿರ ಇಂದಿಗೆ ತೀರಾ ಕಡಿಮೆ ಎನ್ನುವವರ ಮಾತು ನಿಜ. ಅದನ್ನು ದ್ವಿಗುಣ ಮಾಡಿದರೂ ದಿನಕ್ಕೆ ಹತ್ತು ರೂಪಾಯಿಯ ಮೇಲೆ ಹೋಗುವುದಿಲ್ಲ.

ಹಾಗಾದರೆ ಹಣ ಎಲ್ಲಿಂದ? ಶಾಲೆಗೆ ಬರುವ ಸಂಯುಕ್ತ ಅನುದಾನವನ್ನು ನೋಡಿದರೆ, ಮೂವತ್ತು ಮಕ್ಕಳೊಳಗಿನ ಶಾಲೆಗೆ ವರ್ಷಕ್ಕೆ 10,000, ನೂರರೊಳಗೆ 25,000. ಅದರಲ್ಲೇ ಸೀಮೆಸುಣ್ಣ, ಕರೆಂಟು ಬಿಲ್ಲು, ರಿಪೇರಿ, ಶೌಚಾಲಯದ ಸ್ವಚ್ಛತೆ. ಅಲ್ಲಿ ಕೈ ಹಾಕುವಂತಿಲ್ಲ. ಬಿಸಿಯೂಟ ಯೋಜನೆಯಲ್ಲಿ ಹೊಸ ಪ್ರಯೋಗಗಳಿಗೆಂದು ಬಜೆಟ್ಟಿನ ಶೇಕಡ 5ರವರೆಗೆ ಬಳಸಲು ರಾಜ್ಯಗಳಿಗೆ ಅವಕಾಶವಿದೆ. ಈ ದಾರಿಯನ್ನು ಬೆಂಗಳೂರಿನಲ್ಲಿ ಕುಳಿತವರು ತೆರೆಯಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ 2013ರ ಕಾಯಿದೆಯಂತೆ ಲಾಭದ ಶೇಕಡ 2. ಅಪೌಷ್ಟಿಕತೆ, ಶಿಕ್ಷಣ, ಗ್ರಾಮೀಣ ಕ್ರೀಡೆ ಮೂರೂ ಅದರ ಪಟ್ಟಿಯಲ್ಲಿವೆ. ಆದರೆ ದಾನಿಗಳ ಸ್ವಭಾವ ನಾನು ಕಂಡಂತೆ ಒಂದೇ. ಕೊಟ್ಟದ್ದರ ಮೇಲೆ ಹೆಸರು ಬರೆಸುವಂತಿರಬೇಕು. ಬೆಂಚಿನ ಮೇಲೆ ಬರೆಸಬಹುದು, ನೀರಿನ ಫಿಲ್ಟರಿನ ಮೇಲೆ ಬರೆಸಬಹುದು. ಖೋಖೋ ಆಡಿಸುವ ಹುಡುಗಿಯ ಮೇಲೆ ಎಲ್ಲಿ ಬರೆಸುತ್ತೀರಿ?

ಹೊರದೇಶಗಳಲ್ಲಿ ಇದನ್ನು ಬೇರೆ ರೀತಿ ಬಿಡಿಸಿಕೊಂಡಿದ್ದಾರೆ. ಜಪಾನು 2005ರಲ್ಲಿ ಆಹಾರ ಶಿಕ್ಷಣಕ್ಕೇ ಒಂದು ಕಾಯಿದೆ ಮಾಡಿತು. ಶಾಲೆಗಳಲ್ಲಿ ‘ಪೋಷಣೆಯ ಶಿಕ್ಷಕ’ ಎಂಬ ಹುದ್ದೆಯೂ ಅದೇ ವರ್ಷ ಬಂತು. ಅಮೆರಿಕದಲ್ಲಿ ಶಾಲೆ ಬಿಟ್ಟ ನಂತರದ ಕೇಂದ್ರಗಳಿಗೆಂದೇ ಒಕ್ಕೂಟ ಸರ್ಕಾರದ ಅನುದಾನವಿದೆ, ವರ್ಷಕ್ಕೆ ನೂರು ಕೋಟಿ ಡಾಲರಿಗೂ ಮೇಲೆ. ಅಲ್ಲೂ ನೆಮ್ಮದಿ ಇಲ್ಲ ಅನ್ನಿ. 2017ರಲ್ಲಿ ಅದನ್ನು ಪೂರ್ತಿ ಕೈಬಿಡುವ ಪ್ರಸ್ತಾವ ಬಂದಿತ್ತು, 2025ರ ಜುಲೈಯಲ್ಲಿ ಕೆಲವು ವಾರ ಹಣ ತಡೆಹಿಡಿದಿದ್ದರು. ಶಾಲೆ ಬಿಟ್ಟ ಮೇಲಿನ ಹೊತ್ತು ಎಂದರೆ ಎಲ್ಲ ಸರ್ಕಾರಗಳಿಗೂ ಕತ್ತರಿ ಹಾಕಲು ಸುಲಭವಾದ ಜಾಗವೇ.

ನಮ್ಮಲ್ಲಿ ನನಗೆ ಆಸೆ ಇರುವುದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲೆ. ಈಗ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ಮೇಲೆ ಎಷ್ಟೋ ಕಡೆ ಸಂಜೆ ಮಕ್ಕಳು ಅಲ್ಲಿ ಸೇರುತ್ತಾರೆ. ಅಂದರೆ ಊರಿನಲ್ಲಿ ಸಂಜೆ ಬಾಗಿಲು ತೆರೆದಿರುವ, ಸಂಬಳ ಪಡೆಯುವ ಒಬ್ಬ ಹಿರಿಯರಿರುವ ಸರ್ಕಾರಿ ಜಾಗ ಒಂದಿದೆ. ಉದ್ಯೋಗ ಖಾತ್ರಿ ಹಣದಲ್ಲಿ ಎಷ್ಟೋ ಶಾಲೆಗಳಿಗೆ ಮೈದಾನ ಸಮತಟ್ಟು ಮಾಡಿದ್ದಾರೆ, ಪೌಷ್ಟಿಕ ತೋಟ ಮಾಡಿದ್ದಾರೆ. ಜಾಗವಾಯಿತು, ನೆಲವಾಯಿತು, ಚೆಂಡೂ ಆಯಿತು. ಉಳಿದದ್ದು ಆರೂಕಾಲು ರೂಪಾಯಿ.

ಹಳೇಬೀಡು, ಬೇಲೂರಿನಂಥ ಊರುಗಳಿಗೆ ತೊಂದರೆ ಬೇರೆಯೇ. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹೊಯ್ಸಳ ದೇವಾಲಯಗಳು ನಮ್ಮೆಲ್ಲರ ಹೆಮ್ಮೆ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ಅನುಮತಿ ಬೇಕು, ಅದು ಸರಿಯೇ. ಆದರೆ ಪ್ರವಾಸಿಗರ ವಾಹನ ನಿಲ್ಲಲು ಜಾಗ ಹುಡುಕುವ ಉತ್ಸಾಹದಲ್ಲಿ ಕೇರಿಯ ಮಕ್ಕಳು ಲಗೋರಿ ಆಡಲು ಒಂದು ತುಂಡು ನೆಲ ಬಿಡಬೇಕೆಂದು ಯಾರಿಗಾದರೂ ತೋಚೀತೇ? ಆಟಕ್ಕೆ ಕಟ್ಟಡ ಬೇಡ, ಬಯಲು ಸಾಕು.

ಪೋಷಕರಲ್ಲಿ ಒಂದು ಮಾತು. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಹೆಚ್ಚಿನವರು ನೀವೇ. ಸಭೆಗೆ ಹೋದಾಗ ಸಹಿ ಹಾಕಿ ಬರುವ ಬದಲು ಕ್ರೀಡಾ ಅನುದಾನದಲ್ಲಿ ಏನು ಕೊಂಡರು, ಅದು ಎಲ್ಲಿದೆ, ಸಂಜೆ ಕೀಲಿ ಯಾರ ಬಳಿ ಇರುತ್ತದೆ ಎಂದು ಕೇಳಿ. ಒಂದನೇ ತರಗತಿಯ ಮಗುವನ್ನು ಟ್ಯೂಷನ್ನಿಗೆ ಕಳಿಸುವವರು ಆ ಶುಲ್ಕ ಎಷ್ಟು, ನಮ್ಮ ಲೆಕ್ಕ ಎಷ್ಟು ಎಂದು ಒಮ್ಮೆ ಹೋಲಿಸಿ ನೋಡಿ. ನಾಲ್ಕು ಮನೆ ಸೇರಿ ಕಾಳು ಕೊಟ್ಟರೆ ಐದರಲ್ಲಿ ಎರಡು ಪಾಲು ಖರ್ಚು ಇಳಿಯಿತು. ಆದರೆ ಸಂಬಳವನ್ನೂ ಬಡವರೇ ಚಂದಾ ಎತ್ತಿ ಕೊಡಲಿ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಅದು ಪಂಚಾಯಿತಿಯ ಅಥವಾ ಸರ್ಕಾರದ ಬಜೆಟ್ಟಿನಲ್ಲಿ ಒಂದು ಸಾಲಾಗಿ ಬರಬೇಕು. ದಾನಿಯ ಮನಸ್ಸಿನ ಮೇಲೆ ನಿಂತದ್ದು ಒಂದು ಮಾರ್ಚಿಗೆ ನಿಲ್ಲುತ್ತದೆ, ನಾವು ಕಂಡಿದ್ದೇವೆ.

ಮಕ್ಕಳೂ ಕೇಳಬಹುದು. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ನಮ್ಮ ಕಡೆಯ ಕಳೆದ ಸಭೆಯಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಶೌಚಾಲಯ, ಬಸ್ಸು, ಬೀದಿದೀಪ ಎಲ್ಲ ಆದ ಮೇಲೆ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಣ್ಣ ನಮ್ಮ ನಲವತ್ತು ಮಕ್ಕಳಲ್ಲಿ ಒಬ್ಬ, ಮನೆಯಲ್ಲಿ ಹೇಳಿರಬೇಕು. ಮೈಕು ಬಾಯಿಗೆ ತೀರಾ ಹತ್ತಿರ ಹಿಡಿದು, ‘ಶಾಲೆ ಬಿಟ್ಮೇಲೆ ಆಟ ಆಡ್ಸೋಕೆ ಒಬ್ಬ ಅಕ್ಕ ಬೇಕು’ ಎಂದಳು. ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ನೋಡಿದೆ. ಅವಳ ಹೆಸರಿನ ಮುಂದೆ ‘ಆಟದ ಸಾಮಗ್ರಿ ಬೇಡಿಕೆ’ ಎಂದು ಬರೆದಿತ್ತು. ಎರಡು ತಿಂಗಳಿಗೆ ಮೂರು ಚೆಂಡು ಬಂದವು.